ಸಿದ್ಧಾರ್ಥನ ಅರ್ಕಾವತ್ತು ವಾಪಸ್ ಕೊಡಿ

ಹೊಸ ಕಚೇರಿ ತಂತ್ರಾಂಶವನ್ನು ನಮ್ಮ ಶಾಲೆಗಳಿಗೆ ತಂದು ಇಳಿಸಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ತಂತ್ರಾಂಶದ ದೆಸೆಯಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿದ್ದ ಅರ್ಕಾವತ್ತು ಮಾಯವಾಗಿದೆ. ಇದೇ ತಿಂಗಳ ಇಪ್ಪತ್ತೆಂಟರೊಳಗೆ ಅದನ್ನು ವಾಪಸ್ ಕೊಡದಿದ್ದರೆ ಅವನಿಗೆ ಸಿಕ್ಕಿರುವ ಸರ್ಕಾರಿ ಕೆಲಸ ಕೈತಪ್ಪುತ್ತದೆ. ಇಷ್ಟನ್ನು ತಿಳಿಸಲು ನಿಮ್ಮ ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ನಾಲ್ಕು ಇಮೇಲ್ ಕಳಿಸಿದ್ದೇನೆ. ಒಂದು ದಿನ ರಜೆ ಹಾಕಿ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಮಾತನ್ನು ಮೂವರ ಬಾಯಿಂದ ಕೇಳಿಕೊಂಡು ಬಂದಿದ್ದೇನೆ. ಸಾಕಾಗಿದೆ. ಪತ್ರಿಕೆಯಲ್ಲಾದರೂ ಬಂದರೆ ಕಣ್ಣು ಹಾಯಿಸುತ್ತೀರೇನೋ ಎಂದು ಬರೆಯುತ್ತಿದ್ದೇನೆ.

ನಾನು ಮೈಸೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಗುಮಾಸ್ತೆ. ನಿವೃತ್ತಿಗೆ ಇನ್ನು ಮೂರು ತಿಂಗಳು. “ಹೋಗೋ ಹೊತ್ನಲ್ಲಿ ಯಾಕ್ ಮೇಡಂ ಈ ಉಸಾಬರಿ? ನೋಟಿಸ್ ಬರುತ್ತೆ ಕಣ್ರೀ” ಎಂದು ಹೆಡ್‌ಮಾಸ್ಟರು ಎಚ್ಚರಿಸಿದ್ದಾರೆ. ಬರಲಿ ಬಿಡಿ. ನಿಮ್ಮ ಕಡೆಯಿಂದ ಏನೋ ಒಂದು ಬಂತಲ್ಲ ಎಂದು ಸಂತೋಷಪಡುತ್ತೇನೆ.

ಜೂನ್ ತಿಂಗಳಲ್ಲಿ ಹಳೆಯದನ್ನು ತೆಗೆದು ಹೊಸ ತಂತ್ರಾಂಶ ಹಾಕಿದಿರಿ. ಜೊತೆಗೆ ‘ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು’ ಎಂಬ ಪುಸ್ತಿಕೆಯನ್ನೂ ಕಳಿಸಿದಿರಿ. ಒಟ್ಟು ನಲವತ್ತೆರಡು ಪ್ರಶ್ನೆ. ಅಷ್ಟನ್ನೂ ಓದಿದ್ದೇನೆ. ಬರೆದವರೂ ಅಷ್ಟು ಓದಿರಲಾರರು. ಪರದೆಯ ಬಣ್ಣ ಬದಲಿಸಬಹುದೇ? ಧಾರಾಳವಾಗಿ ಬದಲಿಸಬಹುದು. ಅಂತರ್ಜಾಲ ಇಲ್ಲದಾಗ ಏನು ಮಾಡಬೇಕು? ಅಂತರ್ಜಾಲದಲ್ಲಿ ದೂರು ದಾಖಲಿಸಬೇಕು. ನನ್ನ ಹಳೆಯ ಕಡತಗಳು ಏನಾಗುತ್ತವೆ? ಅವು ಮೋಡದಲ್ಲಿ ಸುರಕ್ಷಿತವಾಗಿರುತ್ತವೆ. ಇದನ್ನು ಗಟ್ಟಿಯಾಗಿ ಓದಿದಾಗ ನಮ್ಮ ಅಟೆಂಡರ್ ಬೀರಮ್ಮ, “ಮಳೆ ಉಯ್ದ್‌ಬುಟ್ರೆ ಎಂಗೆ ಮೇಡಮ್ನೋರೇ?” ಎಂದಳು. ನಾವೆಲ್ಲ ನಕ್ಕೆವು. ಈಗ ನೋಡಿದರೆ ಅಷ್ಟು ದಿನದಲ್ಲಿ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ.

ಅಲ್ಲ ಸ್ವಾಮಿ, ಈ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳಿದವರು ಯಾರು? ನಮ್ಮ ಶಾಲೆಯಲ್ಲಂತೂ ಯಾರೂ ಕೇಳಿರಲಿಲ್ಲ. ನಮ್ಮನ್ನು ಯಾರೂ ಕೇಳಲೂ ಇಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಹೌದು, ಇದರಲ್ಲಿ ನನ್ನ ತಪ್ಪಿದೆ. ನಾನು ಬೆರಳಚ್ಚು ಕಲಿತ ಕಾಲದಲ್ಲಿ ಅರ್ಕಾವತ್ತು ಬೇಕಾದ ಕಡೆ ಕನ್ನಡದ ಒಂಬತ್ತರ ಅಂಕಿಯನ್ನೇ ಒತ್ತುತ್ತಿದ್ದೆವು. ಎರಡರ ಆಕಾರವೂ ಒಂದೇ ಅಲ್ಲವೇ? ಕಂಪ್ಯೂಟರು ಬಂದ ಮೇಲೂ ಕೈಗೆ ಅದೇ ಅಭ್ಯಾಸ ಉಳಿಯಿತು. ‘ಸಿದ್ಧಾಥ’ ಎಂದು ಹೊಡೆದು ಪಕ್ಕದಲ್ಲಿ ಒಂಬತ್ತು ಒತ್ತಿದರೆ ಕಾಗದದ ಮೇಲೆ ‘ಸಿದ್ಧಾಥ೯’ ಎಂದು ಬರುತ್ತಿತ್ತು. ಮಕ್ಕಳು ಓದಿದರು, ತಂದೆತಾಯಿ ಓದಿದರು, ನಿಮ್ಮ ಹಿಂದಿನ ಅಧಿಕಾರಿಗಳು ಓದಿ ಮೊಹರು ಒತ್ತಿದರು. ಇಪ್ಪತ್ತೇಳು ವರ್ಷ ಅದನ್ನು ಒಬ್ಬರೂ ಒಂಬತ್ತು ಎಂದು ಓದಲಿಲ್ಲ. ಮೊದಲು ಓದಿದ್ದು ನಿಮ್ಮ ಹೊಸ ತಂತ್ರಾಂಶ.

ಸಿದ್ಧಾರ್ಥ ಅಶೋಕಪುರಂನ ಮರಿಯಯ್ಯನವರ ಮಗ. ಮರಿಯಯ್ಯ ಅಂಗಡಿಗಳಿಗೆ ಬೋರ್ಡು ಬರೆಯುವವರು. ಈಗ ಎಲ್ಲರೂ ಫ್ಲೆಕ್ಸು ಹಾಕಿಸುವುದರಿಂದ ಕೆಲಸ ಕಡಿಮೆ. ಮಗ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೆ ಆಯ್ಕೆಯಾದ, ಅದೂ ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ. ಅದಕ್ಕೆ ನಮ್ಮ ಶಾಲೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ ಬೇಕಿತ್ತು. ಐದು ನಿಮಿಷದ ಕೆಲಸ ಎಂದು ಅವನನ್ನು ಕುರ್ಚಿಯಲ್ಲಿ ಕೂರಿಸಿದೆ. ‘ಹೆಸರಿನಲ್ಲಿ ಅಂಕಿಗೆ ಅವಕಾಶವಿಲ್ಲ’ ಎಂದು ಪರದೆಯ ಮೇಲೆ ಕೆಂಪಗೆ ಬಂತು.

ಸಹಾಯವಾಣಿಯ ಅಭಿಲಾಷ್ ಬಹಳ ವಿನಯದ ಮನುಷ್ಯ. “ಆ ಲಾಸ್ಟ್ ನಂಬರ್ ಡಿಲೀಟ್ ಮಾಡ್ಬುಡಿ ಮೇಡಂ, ಸಿಸ್ಟಮ್ ತಗೊಳುತ್ತೆ” ಎಂದರು. “ಹೆಸರೇ ಕೆಟ್ಟೋಗುತ್ತಲ್ಲಪ್ಪಾ? ಅಳಿಸೋಕೆ ಬಿಡುತ್ತೆ, ಅರ್ಕಾವತ್ತು ಸೇರಿಸೋಕೆ ಬಿಡಲ್ಲ” ಎಂದೆ. “ಆಮೇಲೆ ಕರೆಕ್ಷನ್ ಹಾಕ್ಕೊಬೋದು ಮೇಡಂ.” ಮಾಡಿದೆ. ‘ಸಿದ್ಧಾಥ’ ಎಂದು ಅಚ್ಚಾಯಿತು. ಮಗುವಿಗೆ ಮರಿಯಯ್ಯ ಹುಡುಕಿ ಇಟ್ಟ ಹೆಸರು. ಅದರಲ್ಲಿದ್ದ ಅರ್ಥವೇ ಹೋಯಿತು. ಪೆನ್ನಿನಲ್ಲಿ ಅರ್ಕಾವತ್ತು ಹಾಕಿ, ಪಕ್ಕದಲ್ಲಿ ಹೆಡ್‌ಮಾಸ್ಟರ ಸಹಿ ಮಾಡಿಸಿ ಕೊಟ್ಟೆ. ದಾಖಲೆ ಪರಿಶೀಲನೆಯಲ್ಲಿ ‘ತಿದ್ದಿದ ಪ್ರಮಾಣಪತ್ರ’ ಎಂದು ವಾಪಸ್ ಕೊಟ್ಟು, ಇಪ್ಪತ್ತೆಂಟರವರೆಗೆ ಗಡುವು ಹಾಕಿದರು. ಅಲ್ಲಿಗೆ ನನ್ನದು ಎರಡು ತಪ್ಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ತಪ್ಪು ನನ್ನದು, ಬರೆ ಅವನಿಗೆ.

ತಿದ್ದುಪಡಿಗೆ ಮನವಿ ಹಾಕಿದೆ. ತಿದ್ದುವ ಅಧಿಕಾರ ಶಾಲೆಗಿಲ್ಲ, ನಿಮಗೆ ಮಾತ್ರ, ಅದಕ್ಕೆ ಮೂವತ್ತು ಕೆಲಸದ ದಿನ. ಆದರೆ ನೀವು ಆರೇ ದಿನದಲ್ಲಿ ಉತ್ತರ ಕೊಟ್ಟಿರಿ: ‘ಹೆಸರಿನಲ್ಲಿ ಯಾವುದೇ ಅಂಕಿ ಕಂಡುಬಂದಿಲ್ಲ. ಸಮಸ್ಯೆ ಬಗೆಹರಿದಿದೆ. ಮನವಿ ಮುಕ್ತಾಯಗೊಳಿಸಲಾಗಿದೆ.’ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದೂ ಕೆಳಗೆ ಕೇಳಿದ್ದಿರಿ. ಹೊಸ ಮನವಿ ಹಾಕಿದರೆ ಮತ್ತೆ ಮೂವತ್ತು ದಿನ. ಕನ್ನಡದಲ್ಲಿ ಓದಿದ್ದಕ್ಕೆ ಸಿಕ್ಕ ಕೆಲಸ ಕನ್ನಡದ ಒಂದು ಒತ್ತಿನಿಂದ ಹೋಗುತ್ತದೆ ಎಂದರೆ ಎಷ್ಟು ನಕ್ಷತ್ರ ಕೊಡಬೇಕು ಹೇಳಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪೂಜಾರಿ ಯಾರು ಎಂಬುದೂ ಗೊತ್ತಾಗುವುದಿಲ್ಲ.

ಮರಿಯಯ್ಯ ಶಾಲೆಗೆ ಬಂದಿದ್ದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ವಾಪಸ್ ಬಂದ ಪ್ರಮಾಣಪತ್ರವನ್ನು ನೋಡಿ ಹೇಳಿದರು: “ನಾನೂ ಬೋರ್ಡ್ ಬರ್ಯೋನೇ ಮೇಡಮ್ನೋರೇ. ಒಂದಕ್ಷರ ಎಚ್ಚುಕಮ್ಮಿ ಆದ್ರೆ ಗಿರಾಕಿ ಏಣಿಯಿಂದ ಇಳ್ಯೋಕೇ ಬುಡಲ್ಲ. ಬಟ್ಟೆಗೆ ಒಸಿ ಟರ್ಪೆಂಟೈನ್ ಆಕಿ ಒರೆಸಿ, ಅಲ್ಲೇ ನಿಂತು ಬರ್ದುಕೊಟ್ಟೇ ಬರ್ಬೇಕು. ಇವ್ರಿಗೆ ಏಣಿನೂ ಅತ್ತಂಗಿಲ್ಲವಲ್ಲ, ಯಾಕಂತೆ ಒಂದ್ ತಿಂಗ್ಳು?” ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಅವರಿಗೇ ತಿಳಿಸಿ.

ಇದು ಒಬ್ಬನ ಪಾಡಲ್ಲ. ಅಡ್ಮಿಶನ್ ರಿಜಿಸ್ಟರು ತೆಗೆದು ಎಣಿಸಿದ್ದೇನೆ. ಕೀರ್ತನ, ಹರ್ಷಿತ, ಊರ್ಮಿಳ ಎಂದು ನನ್ನ ಕೈಯಲ್ಲಿ ಒಂಬತ್ತು ಹಾಕಿಸಿಕೊಂಡ ಮುನ್ನೂರ ಹದಿನಾರು ಮಕ್ಕಳಿದ್ದಾರೆ. ಯಾವತ್ತೋ ಒಂದು ದಿನ ಒಂದು ಕಾಗದಕ್ಕಾಗಿ ಬರುತ್ತಾರೆ. ಆಗ ಆ ಕುರ್ಚಿಯಲ್ಲಿ ನಾನಿರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಸಿದ್ಧಾರ್ಥನ ಹೆಸರನ್ನು ತಿದ್ದಿ, ಗಡುವಿನೊಳಗೆ ಪ್ರಮಾಣಪತ್ರ ಕೊಡಿ. ಉಳಿದ ಹೆಸರುಗಳನ್ನು ಮೂಲ ರಿಜಿಸ್ಟರು ನೋಡಿ ತಿದ್ದಲು ಶಾಲೆಗೆ ಅಧಿಕಾರ ಕೊಡಿ. ಭಾನುವಾರವೂ ಬಂದು ಕೂತು ಒಂದೊಂದಾಗಿ ನಾನೇ ತಿದ್ದುತ್ತೇನೆ. ತಪ್ಪು ನನ್ನದೆಂದು ಬರೆದು ಸಹಿ ಹಾಕಿಕೊಡುತ್ತೇನೆ. ಶಿಕ್ಷೆ ನನಗೆ ಕೊಡಿ, ಕೆಲಸ ಅವನಿಗೆ ಕೊಡಿ.

ನಿನ್ನೆ ಸಿದ್ಧಾರ್ಥ ಫೋನ್ ಮಾಡಿದ್ದ. “ಮೇಡಂ, ಅವ್ರು ತಿದ್ದಲ್ಲ ಅಂದ್ರೆ ನಾನೇ ಅಫಿಡವಿಟ್ ಮಾಡ್ಸಿ ಸಿದ್ಧಾಥ ಅಂತ ಹೆಸರು ಬದಲಾಯಿಸ್ಕೊಂಬುಡ್ಲಾ? ಅಪ್ಪಂಗೆ ಹೇಳ್ಬೇಡಿ” ಎಂದ. ತಮಾಷೆಗೆ ಕೇಳಿದ್ದಲ್ಲ. ಇಪ್ಪತ್ತೇಳರ ಸಂಜೆಯವರೆಗೆ ತಡೆದುಕೋ ಮಗಾ ಎಂದಿದ್ದೇನೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ ನನಗೇ ತಿಳಿಯದು.

ಇಂತಿ,
ತಪ್ಪೊಪ್ಪಿಕೊಂಡರೂ ಕೇಳಿಸಿಕೊಳ್ಳುವವರು ಸಿಗದ,
ಪ್ರೇಮಮ್ಮ
ದಟ್ಟಗಳ್ಳಿ, ಮೈಸೂರು