ಘೋಷಣೆ ಕೂಗಿದೆ, ಸೀರೆ ಒದ್ದೆಯಾಗಲಿಲ್ಲ

ಅವ್ವಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂದು ಇವತ್ತು ಬಸವಕಲ್ಯಾಣದ ತಹಸೀಲ್ ಕಚೇರಿ ಮುಂದೆ ಧರಣಿ ಕೂತು, ಗಂಟಲು ಹರಿಯುವಂತೆ ಘೋಷಣೆ ಕೂಗಿದೆ. ಒಂದು ಹನಿಯೂ ಸೋರಲಿಲ್ಲ!

ಹೆರಿಗೆಯಾದ ಮೇಲೆ ಕೆಮ್ಮಿದರೂ ಉಚ್ಚೆ ಸೋರಿ ಸೀರೆ ಒದ್ದೆಯಾಗುತ್ತಿತ್ತು. ಬೀದಿಯಲ್ಲಿ ಘೋಷಣೆ ಕೂಗುತ್ತಿದ್ದವಳು ಬಾಯಿ ಮುಚ್ಚಿ ಮನೆ ಸೇರಿದ್ದೆ. ಅಕ್ಕನ ಬಾಣಂತನದಲ್ಲಿ ನೀನು ಮಾಡಿದಂತೆ ಹಳೆ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿಕೊಂಡಿದ್ದೆ. ಹುಮನಾಬಾದಿನ ಫಿಜಿಯೋಥೆರಪಿಸ್ಟ್ ವಿದ್ಯಾವತಿ ಅದನ್ನು ಬಿಚ್ಚಿಸಿದಳು.

"ಮ್ಯಾಲ ಬಿಗದರ ಭಾರ ಕೆಳಗ ಬೀಳ್ತದರಿ ಅಕ್ಕಾ. ಉಚ್ಚಿ ತಡದಂಗ ಕೆಳಗಿಂದ ಬಿಗೀರಿ. ಆಮ್ಯಾಲ ಸಡಲ ಬಿಡ್ರಿ."

ರೊಟ್ಟಿ ಬಡಿಯುವಾಗ, ಮಗುವಿಗೆ ಹಾಲೂಡಿಸುವಾಗ ತಿಂಗಳುಗಟ್ಟಲೆ ಅದನ್ನೇ ಮಾಡಿದೆ.

ಇವತ್ತು ನಿನ್ನ ತಂಗಿ ಸುಮನಬಾಯಿ ಚಿಗವ್ವ ಎಲ್ಲರಿಗಿಂತ ಹಿಂದೆ, ಗೇಟಿನ ಪಕ್ಕ ಕೂತಿದ್ದಳು. ಭಜನೆಯಲ್ಲಿ, ಮದುವೆಯಲ್ಲಿ ನಿನ್ನ ಜಾಗವೂ ಅದೇ. ಯಾಕೆಂದು ಈಗ ಗೊತ್ತು, ಅವ್ವಾ. ಅವಳನ್ನು ಎಳೆದು ತಂದು ಮುಂದೆ ಕೂರಿಸಿದೆ. ಎಲ್ಲ ಹೆಂಗಸರಿಗೂ ಕೂತಲ್ಲೇ ಬಿಗಿಯುವುದನ್ನು, ಸಡಿಲಿಸುವುದನ್ನು ಕಲಿಸಿದೆ.

ಎಲ್ಲರೂ ಬಿಗಿಯುವುದರಲ್ಲೇ ಮುಳುಗಿ ಘೋಷಣೆ ನಿಂತದ್ದು ಕಂಡು ಪೊಲೀಸನೊಬ್ಬ ಬಂದ. "ಯಾಕ್ರವ್ವಾ, ಸೋತು ಸುಮ್ಮನ ಕುಂತ್ರೇನು?"

ಚಿಗವ್ವ ಬಿಗಿದದ್ದನ್ನು ಸಡಿಲಿಸಲಿಲ್ಲ. "ಯಾರ ಸೋತಾರ? ಹೋರಾಟ ನಡದದೋ ತಮ್ಮಾ!" ಎಂದಳು.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ಹೊಟ್ಟೆ ಹಿಡಿದು ನಕ್ಕೆ, ಒಣ ಸೀರೆಯಲ್ಲಿ.

ನಿನ್ನ ಮಗಳು,
ರೂಪಾಲಿ