ರಾಟೆಯ ಮೂಲೆಗೆ ಕಾಣುವ ಟಿವಿ

ಬನಹಟ್ಟಿ

ಮಾವನವರಿಗೆ ವೈಶಾಲಿಯ ನಮಸ್ಕಾರಗಳು.

ಮಗ್ಗ ನಡೆಯುವಾಗ ಎಷ್ಟು ಕೂಗಿದರೂ ನಿಮಗೆ ಕೇಳುವುದಿಲ್ಲ. ಅದಕ್ಕೇ ಚಹಾದ ಜೊತೆ ಈ ಚೀಟಿ ಇಟ್ಟಿದ್ದೇನೆ.

ಇವತ್ತು ಟಿವಿ ತರಲು ಜಮಖಂಡಿಗೆ ಹೋದಾಗ ಆ ಹೆಚ್ಚು ಬೆಳಕಿನ ಕ್ಯೂಎಲ್‌ಇಡಿ ಬೇಡ, ಒಎಲ್‌ಇಡಿ ತನ್ನಿ. ಅದೇ ದುಡ್ಡಿಗೆ ಸೈಜು ಸಣ್ಣದಾದರೂ ನಡೆಯುತ್ತದೆ. "ಮನಿ ತುಂಬ ಬೆಳಕ ಬೀಳಬೇಕ" ಎನ್ನುವ ನಿಮ್ಮ ಹಟ ನನಗೆ ಗೊತ್ತು. ಆದರೆ ಮೊನ್ನೆ ಅಂಗಡಿಯಲ್ಲಿ ನೀವು ಎದುರಿಗೆ ಕುರ್ಚಿ ಹಾಕಿಸಿಕೊಂಡು ನೋಡಿದಿರಿ. ನಾನು ಪಕ್ಕದ ಗೋಡೆಯ ಮೂಲೆಗೆ ಹೋಗಿ ನೆಲದ ಮೇಲೆ ಕುಳಿತು ನೋಡಿದೆ. ಅಂಗಡಿಯವನು ನಕ್ಕ, ನಗಲಿ ಬಿಡಿ. ಅಲ್ಲಿಂದ ಕ್ಯೂಎಲ್‌ಇಡಿಯ ಬಣ್ಣ ಬಿಸಿಲಿಗೆ ಹಾಕಿದ ಹಳೇ ಸೀರೆಯಂತೆ ಮಾಸಿತ್ತು. ಒಎಲ್‌ಇಡಿಯಲ್ಲಿ ಕೆಂಪು ಕೆಂಪಾಗಿಯೇ ಇತ್ತು.

ನಿಮ್ಮ ಮಗ್ಗ ಟಿವಿಗೆ ಎದುರಾಗಿದೆ. ಅತ್ತೆ ಮಗ್ಗದ ಕಂಡಿಕೆಗೆ ನೂಲು ಸುತ್ತುವ ರಾಟೆ ಪಕ್ಕದ ಗೋಡೆಯ ಅಂಥದೇ ಮೂಲೆಯಲ್ಲಿದೆ. ಎದುರಿಗೆ ಬನ್ನಿ ಎಂದು ಕರೆದರೆ, "ನಿಮ್ಮ ಮಾವಗ ಕಂಡಿಕಿ ಯಾರ ಸುತ್ತಿ ಕೊಡತಾರ? ನೋಡೂದೇನೈತಿ ಬೇ, ನಾ ಇಲ್ಲೇ ಕುಂತ ಕೇಳತೇನಿ" ಎನ್ನುತ್ತಾರೆ. ನಾವೂ ಇಷ್ಟು ವರ್ಷ ಅದನ್ನು ನಂಬಿದೆವು.

ಎರಡು ಮಗ್ಗ ಬಡಿಯುವ ಈ ಮನೆಯಲ್ಲಿ ಅವರಿಗೆ ಏನು ಕೇಳಿಸೀತು, ನೀವೇ ಹೇಳಿ.

ಚಹಾ ಆರುವ ಮೊದಲು ಕುಡಿಯಿರಿ.

ನಿಮ್ಮ ಸೊಸೆ,
ವೈಶಾಲಿ