ಸಕ್ಕರೆ ಸರಿಯಾಗಿಯೇ ಇದೆ

ಪಾಲ್ಮಿರಾ
ನವೆಂಬರ್ ೧೧, ಸೋಮವಾರ

ನನ್ನ ಮುದ್ದು ಅರಾಸೆಲಿ,

ಹೇಗಿದ್ದೀಯ? ಮಗುವಿನ ಕೆಮ್ಮು ನಿಂತಿತೇ? ಆಂಟೊಫಗಾಸ್ಟದ ಒಣಗಾಳಿಗೆ ಅದರ ಎದೆಗೆ ಬೆಚ್ಚಗೆ ಬಟ್ಟೆ ಸುತ್ತು. ನೀನು ಹಟಮಾರಿ, ಸುತ್ತುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ನನ್ನ ಫೋನು ನಿಮ್ಮಪ್ಪನ ಜೇಬಿನಲ್ಲಿದೆ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ರುಬಿಯೇಲಾಳ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಲಗೈ ಹೆಬ್ಬೆರಳು ಊದಿಕೊಂಡಿದೆ.

ಅಪ್ಪ ನಿಜವಾಗಿ ಸರಿಹೋಗಿದ್ದಾರಾ, ಡಿಸೆಂಬರಿಗೆ ಮಗುವನ್ನು ಕರೆದುಕೊಂಡು ಬರಲಾ ಎಂದು ನೀನು ಕೇಳಿದ್ದೆ. ಆರೋಗ್ಯದ ಮಾತಾದರೆ, ನಿಮ್ಮಪ್ಪ ಎವೆಲಿಯೋ ಗುಂಡುಕಲ್ಲಿನ ಹಾಗಿದ್ದಾನೆ. ಕಾಲಿ ನಗರದ ಆಸ್ಪತ್ರೆಯಲ್ಲಿ ಸತ್ತ ಹುಡುಗನೊಬ್ಬನ ಮೇದೋಜೀರಕ ಗ್ರಂಥಿ ಕೂರಿಸಿ ವರ್ಷವಾಗುತ್ತ ಬಂತು. ಇನ್ಸುಲಿನ್ ಸೂಜಿ ಇಲ್ಲ, ಬೆವರಿ ಕುಸಿದು ಬೀಳುವುದಿಲ್ಲ. ಹೊಸ ಗ್ರಂಥಿಯನ್ನು ಮೈ ಹೊರಗೆ ದೂಡದಿರಲೆಂದು ಗುಳಿಗೆ ನುಂಗುತ್ತಾನೆ, ಅಷ್ಟೇ. ಶುಕ್ರವಾರ ಡಾಕ್ಟರಮ್ಮ ರಿಪೋರ್ಟು ನೋಡಿ, "ಏನೂ ಕಾಯಿಲೆ ಇಲ್ದೋರಿಗೂ ಸಕ್ಕರೆ ಇಷ್ಟು ಚೆನ್ನಾಗಿರಲ್ಲ ಎವೆಲಿಯೋ ಅವ್ರೇ" ಎಂದರು.

ಹಿಂದೆ ಅವನು ಕೈ ಎತ್ತಿದಾಗಲೆಲ್ಲ ನಿನ್ನಜ್ಜಿ, "ಅದು ನನ್ ಮಗ ಅಲ್ಲ ಕಣ್ರೇ, ಸಕ್ಕರೆ ಇಳಿದಿದೆ, ಬೆಲ್ಲದ ನೀರು ಕೊಡಿ" ಎನ್ನುತ್ತಿದ್ದಳಲ್ಲ? ಹೊಡೆತ ತಿಂದವಳೇ ಬೆಲ್ಲ ಕರಗಿಸಬೇಕು. ಊರ ಸುತ್ತ ಕಬ್ಬೇ ಕಬ್ಬು, ಬೆಲ್ಲಕ್ಕೇನು ಬರ! ಆ ಮಾತು ಕೇಳಿ ಕೇಳಿ ಸಾಕಾಗಿಯೇ ನೀನು ಚಿಲಿಗೆ ಹೋದದ್ದು.

ನಿನ್ನೆ ರಿಪೋರ್ಟಿನ ಖುಷಿಗೆ ಕೋಳಿ, ಬಾಳೆಕಾಯಿ, ಮರಗೆಣಸು ಹಾಕಿ ಸಾಂಕೋಚೊ ಸಾರು ಮಾಡಿದ್ದೆ. ನಿನ್ನ ಮಾತು ಬಂತು. "ಅವಳಿಗೆ ಮನಸ್ಸು ಬಂದ್ರೆ ಬರ್ತಾಳೆ" ಎಂದೆ. ಅಷ್ಟೇ ಅಂದದ್ದು. ಕುದಿಯುವ ಪಾತ್ರೆಯನ್ನೇ ನನ್ನ ಮೇಲೆ ತಳ್ಳಿದ. ಕಾಲು ಬೆಂದು ಚೀರಿದವಳ ಕೂದಲು ಹಿಡಿದು ಮುಖವನ್ನು ಒಲೆಕಟ್ಟೆಗೆ ಅಪ್ಪಳಿಸಿದ. ಬಿಡಿಸಿಕೊಂಡು ಬಾಗಿಲಿಗೆ ಓಡಿದರೆ ಬೆರಳ ಮೇಲೇ ಬಾಗಿಲು ಹಾಕಿದ. ಚೆಲ್ಲಿದ ಸಾರಿನಲ್ಲಿ ನನ್ನ ಎರಡು ಹಲ್ಲು ಬಿದ್ದಿದ್ದವು. ಆಮೇಲೆ ನಾನೇನು ಮಾಡಿದೆ ಗೊತ್ತೇ? ಗೋಡೆ ಹಿಡಿದುಕೊಂಡು ಹೋಗಿ ಬೆಲ್ಲದ ನೀರು ತಂದೆ! ನನ್ನ ರಕ್ತ ಲೋಟದೊಳಕ್ಕೇ ತೊಟ್ಟಿಕ್ಕುತ್ತಿತ್ತು. ಅವನು ನಕ್ಕ. ತಾನೇ ಬೆರಳು ಚುಚ್ಚಿಕೊಂಡು ಸಕ್ಕರೆ ನೋಡುವ ಯಂತ್ರವನ್ನು ನನ್ನ ಮೂಗಿನ ಮುಂದೆ ಹಿಡಿದ. ತೊಂಬತ್ತಾರು. "ಸಕ್ಕರೆ ಸರಿಯಾಗೇ ಇದೆ ಕಣೇ, ನೀನೇ ಕುಡಿ" ಎಂದ.

ಅಜ್ಜಿ ಈಗ ಹೊಸ ರಾಗ ತೆಗೆದಿದ್ದಾಳೆ. "ಗ್ರಂಥಿ ಕೊಟ್ಟು ಸತ್ತನಲ್ಲ, ಆ ಹುಡುಗ ಯಾವನೋ ಪುಂಡ ಇರ್ಬೇಕು. ಅವನ ಸಿಟ್ಟೇ ಇವನಿಗೆ ಹತ್ಕೊಂಡಿದೆ" ಅಂತೆ! ನನಗೆ ಮೈಯೆಲ್ಲ ಉರಿದುಹೋಯಿತು. "ಅತ್ತೆ, ನಿಮ್ಮ ಮಗನ ಮೈಯಲ್ಲಿ ಮರ್ಯಾದೆಯಾಗಿರೋದು ಆ ಗ್ರಂಥಿ ಒಂದೇ" ಎಂದುಬಿಟ್ಟೆ. ಯಾವ ತಾಯಿ ಹೆತ್ತ ಮಗನೋ ಪಾಪ, ಸತ್ತ ಮೇಲೂ ಬೈಸಿಕೊಳ್ಳಬೇಕು. ಅವನ ಹೆಸರು ಗೊತ್ತಿಲ್ಲ, ಆದರೂ ಇವತ್ತು ಅವನಿಗಾಗಿ ಒಂದು ಮೇಣದಬತ್ತಿ ಹಚ್ಚಿದ್ದೇನೆ.

ರುಬಿಯೇಲಾ ಸುಟ್ಟ ಕಾಲಿಗೆ ಮುಲಾಮು ಹಚ್ಚುತ್ತಾ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಾಳೆ. ತಾನು ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದಳು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ತನ್ನ ಸೆರಗಿನಡಿ ಇಟ್ಟುಕೊಳ್ಳಲಿ.

ನಿನ್ನ ಅಮ್ಮ,
ಫಾಬಿಯೋಲಾ

ತಾ.ಕ.: ಹೇಳಲೇಬೇಕಾದದ್ದನ್ನು ಬರೆಯಲು ಕೈ ಬರಲಿಲ್ಲ. ಯಂತ್ರ ನೋಡಿದ ಮೇಲೆ ನಾನು, "ಹಾಗಾದ್ರೆ ಮಗಳ ತೋಳು ಮುರಿದ ದಿನ?" ಎಂದು ಕೇಳಿದೆ. ಅವನು ಬೆರಳು ಒರೆಸಿಕೊಳ್ಳುತ್ತಾ, "ಅವತ್ತೂ ಸರಿಯಾಗೇ ಇತ್ತು" ಎಂದ. ಬರಬೇಡ ಮಗಳೇ. ಟಿಕೆಟ್ ತೆಗೆಯುವುದಾದರೆ ನನ್ನ ಹೆಸರಿಗೆ ತೆಗೆ, ಇಲ್ಲಿಂದ ಅಲ್ಲಿಗೆ.